ಸೂಪರ್‌ಹೀರೋನ ಗೆಳತಿ ಕೆಲಸ ಬಿಟ್ಟಾಗ

2013ರಲ್ಲಿ ತೆರೆಕಂಡ 'ಥಾರ್: ದ ಡಾರ್ಕ್ ವರ್ಲ್ಡ್' ಚಿತ್ರದಲ್ಲಿ ಹೆಸರುಗಳೆಲ್ಲ ಹರಿದು ಮುಗಿದ ಮೇಲೆ ಒಂದು ಮುತ್ತಿನ ದೃಶ್ಯ ಬರುತ್ತದೆ. ಭೂಮಿಗೆ ಮರಳಿದ ಥಾರ್ ತನ್ನ ಪ್ರೇಯಸಿ ಜೇನ್ ಫಾಸ್ಟರ್‌ಳನ್ನು ಅಪ್ಪಿಕೊಳ್ಳುತ್ತಾನೆ. ಅವಳ ಮುಖ ಸರಿಯಾಗಿ ಕಾಣುವುದಿಲ್ಲ. ಕಾಣಬಾರದೆಂದೇ ಹಾಗೆ ಚಿತ್ರೀಕರಿಸಿದ್ದು. ಜೇನ್ ಪಾತ್ರದ ನಟಾಲಿ ಪೋರ್ಟ್‌ಮನ್ ಅಂದು ಬರಲಾಗದೆ, ಥಾರ್ ಪಾತ್ರಧಾರಿ ಕ್ರಿಸ್ ಹೆಮ್ಸ್‌ವರ್ತ್ ಅವರ ಪತ್ನಿ, ನಟಿ ಎಲ್ಸಾ ಪತಾಕಿ ಅವರೇ ವಿಗ್ ಹಾಕಿಕೊಂಡು ನಿಂತಿದ್ದರು. ಕಥಾನಾಯಕಿ ಇಲ್ಲದೆಯೂ ಕಥಾನಾಯಕಿಯ ದೃಶ್ಯ ಮುಗಿಯಿತು. ಆ ಪಾತ್ರಕ್ಕೆ ಅಲ್ಲಿ ಎಷ್ಟು ತೂಕವಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸೂಪರ್‌ಹೀರೋ ಸರಣಿಗಳಿಂದ ನಟಿಯರು ಹೊರಹೋಗುವುದೂ ಕೆಲವರು ವರ್ಷಗಳ ನಂತರ ಮರಳುವುದೂ ಈ ಪ್ರಕಾರದಷ್ಟೇ ಹಳೆಯ ಸಂಗತಿ. ಅಭಿಮಾನಿಗಳು ಇದನ್ನು ಮುನಿಸು, ರಾಜಿ ಎಂಬ ಮನೆಯ ಜಗಳದಂತೆ ಓದುತ್ತಾರೆ. ಒಂದೊಂದು ಪ್ರಸಂಗವನ್ನೂ ಬಿಡಿಸಿ ನೋಡಿದರೆ ಮುನಿಸಿಗಿಂತ ಚಿತ್ರಕಥೆಯ ಪುಟಗಳ ಲೆಕ್ಕವೇ ಹೆಚ್ಚು ಕಾಣುತ್ತದೆ.

ಮೊದಲ ಪ್ರಸಂಗ ಮುನಿಸಿನದಂತೂ ಅಲ್ಲ. 1948ರಲ್ಲಿ ಕೊಲಂಬಿಯಾ ಸಂಸ್ಥೆ 'ಸೂಪರ್‌ಮ್ಯಾನ್' ಕಥೆಯನ್ನು ಕಂತುಚಿತ್ರವಾಗಿ ತೆಗೆದಾಗ ಪತ್ರಕರ್ತೆ ಲೂಯಿಸ್ ಲೇನ್ ಆಗಿ ಬಂದವರು ನೋಯೆಲ್ ನೀಲ್. 1950ರ ಎರಡನೆಯ ಕಂತುಚಿತ್ರದಲ್ಲೂ ಅವರೇ. ಮರುವರ್ಷ ಜಾರ್ಜ್ ರೀವ್ಸ್ ಹೊಸ ಸೂಪರ್‌ಮ್ಯಾನ್ ಆದಾಗ ತಂಡ ಪೂರ್ತಿ ಬದಲಾಗಿ, ಲೂಯಿಸ್ ಪಾತ್ರ ಫಿಲ್ಲಿಸ್ ಕೋಟ್ಸ್ ಪಾಲಾಯಿತು. ಆ ತಂಡದ ಟಿವಿ ಸರಣಿಯ ಮೊದಲ ಸುತ್ತು ಮುಗಿದು ಎರಡನೆಯದಕ್ಕೆ ಕರೆ ಬರುವಷ್ಟರಲ್ಲಿ ಕೋಟ್ಸ್ ಬೇರೊಂದು ಕೆಲಸ ಒಪ್ಪಿಕೊಂಡಾಗಿತ್ತು. ನಿರ್ಮಾಪಕರು ಮತ್ತೆ ನೀಲ್ ಅವರನ್ನೇ ಕರೆದರು. ಅವರು 1958ರವರೆಗೂ ಅಲ್ಲೇ ಉಳಿದರು. ಪ್ರೇಕ್ಷಕರಿಗೆ ಯಾರೂ ಏನೂ ವಿವರಿಸಲಿಲ್ಲ. ನಮ್ಮ ಧಾರಾವಾಹಿ ನೋಡುವವರಿಗೆ ಇದು ಹೊಸತೇನಲ್ಲ. ಒಂದು ಸಂಜೆ ಮನೆಯ ಸೊಸೆಯ ಮುಖವೇ ಬದಲಾಗಿರುತ್ತದೆ, ಅತ್ತೆ ಮಾತ್ರ ಎಂದಿನಂತೆ ಬೈಯುತ್ತಿರುತ್ತಾಳೆ.

1966ರ 'ಬ್ಯಾಟ್‌ಮನ್' ಟಿವಿ ಸರಣಿಯ ಕ್ಯಾಟ್‌ವುಮನ್‌ಳದೂ ಇದೇ ಜಾತಿಯ ಕಥೆ, ಗಾಂಧಿನಗರದ ಮಾತಿನಲ್ಲಿ ಹೇಳುವುದಾದರೆ ಡೇಟ್ಸ್ ಹೊಂದದ ಕಥೆ. ಆ ವರ್ಷದ ಸಿನಿಮಾಕ್ಕೆ ಸರಣಿಯಲ್ಲಿ ಆ ಪಾತ್ರ ಮಾಡುತ್ತಿದ್ದ ಜೂಲಿ ನ್ಯೂಮರ್ ಸಿಗದೆ ಲೀ ಮೆರಿವೆದರ್ ಬಂದರು. ಸರಣಿಯ ಎರಡನೆಯ ಸುತ್ತಿಗೆ ನ್ಯೂಮರ್ ಮರಳಿದರು. ಮೂರನೆಯದರ ಹೊತ್ತಿಗೆ ಅವರು 'ಮೆಕೆನ್ನಾಸ್ ಗೋಲ್ಡ್' ಚಿತ್ರೀಕರಣದಲ್ಲಿದ್ದ ಕಾರಣ ಪಾತ್ರ ಅರ್ಥಾ ಕಿಟ್ ಕೈಗೆ ಹೋಯಿತು. ಒಂದೇ ಪಾತ್ರಕ್ಕೆ ಮೂವರು. ಮುಖವಾಡದ ಪಾತ್ರಕ್ಕೆ ಅಷ್ಟು ಅನುಕೂಲ ಇದ್ದೇ ಇರುತ್ತದೆ.

ಜಗಳವೆಂದು ಕರೆಯಬಹುದಾದ ಮೊದಲ ಪ್ರಸಂಗ ಮುಂದಿನ ತಲೆಮಾರಿನ ಲೂಯಿಸ್ ಲೇನ್ ಆದ ಮಾರ್ಗೋ ಕಿಡ್ಡರ್ ಅವರದು. ರಿಚರ್ಡ್ ಡಾನರ್ 1977ರಲ್ಲಿ 'ಸೂಪರ್‌ಮ್ಯಾನ್' ಮತ್ತು ಅದರ ಎರಡನೆಯ ಭಾಗವನ್ನು ಒಟ್ಟಿಗೇ ಚಿತ್ರೀಕರಿಸತೊಡಗಿದ್ದರು. ಮೊದಲ ಚಿತ್ರ 1978ರಲ್ಲಿ ಬಂದು ಭರ್ಜರಿಯಾಗಿ ಗೆದ್ದಿತು. ಗೆದ್ದ ಮೇಲೂ, ಎರಡನೆಯದರ ಬಹುಭಾಗ ತೆಗೆದು ಮುಗಿಸಿದ್ದ ಡಾನರ್ ಅವರನ್ನು ನಿರ್ಮಾಪಕರಾದ ಸಾಲ್ಕಿಂಡ್ ತಂದೆ-ಮಗ ಕೆಲಸದಿಂದ ತೆಗೆದು ರಿಚರ್ಡ್ ಲೆಸ್ಟರ್ ಅವರನ್ನು ತಂದರು. ಕಿಡ್ಡರ್ ಸುಮ್ಮನಿರಲಿಲ್ಲ, ಈ ನಡೆಯನ್ನು ಬಹಿರಂಗವಾಗಿ ಟೀಕಿಸಿದರು. 1983ರ 'ಸೂಪರ್‌ಮ್ಯಾನ್ 3' ಬಂದಾಗ ಲೂಯಿಸ್ ಲೇನ್ ಶುರುವಿನಲ್ಲೇ ರಜೆಯೆಂದು ಬರ್ಮುಡಾಕ್ಕೆ ಹೊರಟುಹೋಗುತ್ತಾಳೆ, ಕಥೆ ಮುಗಿಯುವಾಗ ಮರಳುತ್ತಾಳೆ. ನಡುವಿನ ಇಡೀ ಚಿತ್ರದಲ್ಲಿ ನಾಯಕನ ಜೊತೆಗಿರುವುದು ಹಳೆಯ ಸಹಪಾಠಿ ಲಾನಾ ಲ್ಯಾಂಗ್. ಇದು ಮಾತಿಗೆ ಸಿಕ್ಕ ಶಿಕ್ಷೆಯೆಂದು ಎಲ್ಲರೂ ಅಂದುಕೊಂಡರು. ನಿರ್ಮಾಪಕರ ಕಡೆಯವರು ಅಲ್ಲವೆಂದರು. ಪರದೆಯ ಮೇಲೆ ಕಾಣುವುದಂತೂ ಶಿಕ್ಷೆಯ ಹಾಗೆಯೇ ಇದೆ.

ಕಿಡ್ಡರ್ ಅವರ ಮರಳುವಿಕೆಯೂ ಅಷ್ಟೇ ಪಾಠ ಹೇಳುವಂಥದ್ದು. ಸಾಲ್ಕಿಂಡ್‌ಗಳು ಬದಿಗೆ ಸರಿದು, ಕ್ಯಾನನ್ ಸಂಸ್ಥೆ ನಾಲ್ಕನೆಯ ಚಿತ್ರ ಕೈಗೆತ್ತಿಕೊಂಡಾಗ ಕಥೆಯಲ್ಲಿ ನಾಯಕ ಕ್ರಿಸ್ಟೋಫರ್ ರೀವ್ ಅವರ ಕೈಯೂ ಇತ್ತು. ಲೂಯಿಸ್ ಮತ್ತೆ ಕಥೆಯ ನಡುವಿಗೆ ಬಂದಳು, ಕಿಡ್ಡರ್ ಬಂದರು. ಆದರೆ ಕ್ಯಾನನ್ ಬಜೆಟ್ ಕತ್ತರಿಸಿತ್ತು, 1987ರ ಆ ಚಿತ್ರ ನೆಲಕಚ್ಚಿತು. ನಟಿಗೆ ಮರ್ಯಾದೆ ಸಿಕ್ಕ ಹೊತ್ತಿಗೆ ಚಿತ್ರದಲ್ಲಿ ಮರ್ಯಾದೆ ಉಳಿದಿರಲಿಲ್ಲ.

ಮುಂದಿನ ದಶಕಗಳಲ್ಲಿ ಹೋದವರು ಹೆಚ್ಚು, ಬಂದವರು ಕಡಿಮೆ. 'ಬ್ಯಾಟ್‌ಮನ್ ಬಿಗಿನ್ಸ್' ಚಿತ್ರದ ಕೇಟಿ ಹೋಮ್ಸ್ ಎರಡನೆಯ ಚಿತ್ರಕ್ಕೆ ಬರಲಿಲ್ಲ. ರೇಚಲ್ ಪಾತ್ರಕ್ಕೆ ಮ್ಯಾಗಿ ಜಿಲೆನ್‌ಹಾಲ್ ಬಂದರು, ಆ ಚಿತ್ರದಲ್ಲೇ ರೇಚಲ್ ಸತ್ತಳು. 'ಸ್ಪೈಡರ್‌ಮ್ಯಾನ್' ಚಿತ್ರತ್ರಯದ ಕರ್ಸ್ಟನ್ ಡನ್ಸ್ಟ್, ನಾಯಕನಿಗೂ ತನಗೂ ಕೊಟ್ಟ ಸಂಭಾವನೆಯ ಅಂತರ ವಿಪರೀತವಾಗಿತ್ತೆಂದು 2021ರಲ್ಲಿ ಹೇಳಿದರು. ಅದೇ ವರ್ಷದ ಸ್ಪೈಡರ್‌ಮ್ಯಾನ್ ಚಿತ್ರ 'ನೋ ವೇ ಹೋಮ್'ಗೆ ಹಳೆಯ ನಾಯಕರಿಬ್ಬರೂ ಹಳೆಯ ಖಳರೂ ಮರಳಿದರು, ಹಳೆಯ ನಾಯಕಿಯರು ಯಾರೂ ಕಾಣಲಿಲ್ಲ. ನನಗೆ ಆ ಚಿತ್ರದಲ್ಲಿ ಇಷ್ಟವಾದದ್ದು ಬಹಳವಿದೆ. ಈ ಒಂದು ಲೋಪ ಮಾತ್ರ ಪ್ರತಿಸಲ ಕಣ್ಣಿಗೆ ಹೊಡೆಯುತ್ತದೆ.

ಈ ಹಿನ್ನೆಲೆಯಲ್ಲಿ ಪೋರ್ಟ್‌ಮನ್ ಪ್ರಸಂಗವನ್ನು ನಿಧಾನವಾಗಿ ನೋಡಬೇಕು. ಮೊದಲ 'ಥಾರ್' 2011ರಲ್ಲಿ ಬಂದಿತು, 'ಬ್ಲ್ಯಾಕ್ ಸ್ವಾನ್' ಚಿತ್ರಕ್ಕೆ ಅವರು ಆಸ್ಕರ್ ಪಡೆದ ವರ್ಷವೇ. ಜೇನ್ ಫಾಸ್ಟರ್ 1962ರ ಮೂಲ ಕಾಮಿಕ್ಸ್‌ನಲ್ಲಿ ದಾದಿ. ಸಿನಿಮಾ ಅವಳನ್ನು ಖಭೌತ ವಿಜ್ಞಾನಿ ಮಾಡಿತು. ಹೆಸರಿಗೆ ವಿಜ್ಞಾನಿ, ಕೆಲಸಕ್ಕೆ ನಾಯಕನನ್ನು ಬೆರಗಿನಿಂದ ನೋಡುವವಳು. ಎರಡನೆಯ ಚಿತ್ರಕ್ಕೆ ಪ್ಯಾಟಿ ಜೆಂಕಿನ್ಸ್ ನಿರ್ದೇಶಕಿಯೆಂದು ಗೊತ್ತಾಗಿತ್ತು. 2011ರ ಡಿಸೆಂಬರ್‌ನಲ್ಲಿ ಅವರು ಹೊರನಡೆದರು. ಆ ಚಿತ್ರಕಥೆಯಿಂದ ಒಳ್ಳೆಯ ಚಿತ್ರ ತೆಗೆಯಬಲ್ಲೆನೆಂಬ ನಂಬಿಕೆ ತನಗಿರಲಿಲ್ಲವೆಂದು ಆಮೇಲೆ ಹೇಳಿದರು. ಪೋರ್ಟ್‌ಮನ್ ಅವರಿಗೆ ಈ ನಿರ್ಗಮನದಿಂದ ಬೇಸರವಾಯಿತೆಂಬ ವರದಿಗಳು ಬಂದವು. ಅಲನ್ ಟೇಲರ್ ನಿರ್ದೇಶಿಸಿದ ಚಿತ್ರದಲ್ಲಿ ಜೇನ್ ಬಹುಹೊತ್ತು ಮೈಯೊಳಗೆ ಸೇರಿಕೊಂಡ ಕೆಂಪು ದ್ರವವನ್ನು ಹೊತ್ತು ತೂಕಡಿಸುತ್ತಾಳೆ. ಜೆಂಕಿನ್ಸ್ 2017ರಲ್ಲಿ 'ವಂಡರ್ ವುಮನ್' ತೆಗೆದು ಗೆದ್ದರು.

ತನಗೆ ತಿಳಿದಮಟ್ಟಿಗೆ 'ಥಾರ್' ಚಿತ್ರಗಳ ಸಂಸ್ಥೆಯಾದ ಮಾರ್ವೆಲ್ ಜೊತೆಗಿನ ಕೆಲಸ ಮುಗಿಯಿತೆಂದು ಪೋರ್ಟ್‌ಮನ್ 2016ರಲ್ಲಿ ಹೇಳಿದರು. ಮರುವರ್ಷ ಟೈಕಾ ವೈಟಿಟಿ ನಿರ್ದೇಶನದ ಮೂರನೆಯ 'ಥಾರ್' ಚಿತ್ರ 'ರಾಗ್ನರಾಕ್' ಬಂದಾಗ ಜೇನ್ ಇರಲಿಲ್ಲ. ಅವಳು ಥಾರ್‌ನನ್ನು ಬಿಟ್ಟಳಂತೆ ಎಂಬ ಒಂದು ತಮಾಷೆಯಲ್ಲಿ ಲೆಕ್ಕ ಚುಕ್ತಾ ಆಯಿತು. 2019ರ 'ಎಂಡ್‌ಗೇಮ್' ಚಿತ್ರದಲ್ಲಿ ಅವಳು ಕಾಣುತ್ತಾಳೆ ನಿಜ. ಅದು ಎರಡನೆಯ 'ಥಾರ್' ಚಿತ್ರದಲ್ಲಿ ಬಳಸದೆ ಉಳಿದ ತುಣುಕು, ಹೊಸದಾಗಿ ಸೇರಿಸಿದ್ದು ದನಿ ಮಾತ್ರ.

ಅಷ್ಟರಲ್ಲಿ ಕಾಮಿಕ್ಸ್ ಪುಟಗಳಲ್ಲಿ ಬೇರೆಯೇ ಬೆಳವಣಿಗೆ ನಡೆದಿತ್ತು. ಜೇಸನ್ ಆರನ್ ಬರೆದು ರಸೆಲ್ ಡಾಟರ್‌ಮನ್ ಚಿತ್ರಿಸಿದ 2014ರ ಮಾಲಿಕೆಯಲ್ಲಿ ಥಾರ್ ತನ್ನ ಸುತ್ತಿಗೆಯನ್ನು ಎತ್ತಲಾರದ ಸ್ಥಿತಿಗೆ ಬರುತ್ತಾನೆ. ಮುಖವಾಡದ ಹೆಣ್ಣೊಬ್ಬಳು ಅದನ್ನು ಎತ್ತುತ್ತಾಳೆ. ಅವಳು ಜೇನ್ ಎಂದು ಓದುಗರಿಗೆ ತಿಳಿದದ್ದು ಮರುವರ್ಷ. ಅವಳಿಗೆ ಸ್ತನ ಕ್ಯಾನ್ಸರ್. ಸುತ್ತಿಗೆ ಎತ್ತಿದಾಗಲೆಲ್ಲ ದೇಹಕ್ಕೆ ಶಕ್ತಿ ಬರುತ್ತದೆ, ಜೊತೆಗೇ ಆ ಶಕ್ತಿ ಕೀಮೋಥೆರಪಿಯ ಔಷಧವನ್ನೂ ವಿಷವೆಂದು ಬಗೆದು ಹೊರಹಾಕುತ್ತದೆ. ಲೋಕವನ್ನು ಉಳಿಸಿದಷ್ಟೂ ತಾನು ಸಾವಿಗೆ ಹತ್ತಿರ. ಗೆಳತಿಯ ಪಾತ್ರಕ್ಕೆ ಐವತ್ತು ವರ್ಷದಲ್ಲಿ ಸಿಗದ ಸಂಕಟ ಒಬ್ಬ ಬರಹಗಾರನಿಂದ ಸಿಕ್ಕಿತು. ಪೋರ್ಟ್‌ಮನ್ ಮರಳಲು ಬೇಕಾದ ನೆಲ ತಯಾರಾದದ್ದು ಇಲ್ಲಿ ಎಂಬುದು ನನ್ನ ಎಣಿಕೆ. 2019ರ ಜುಲೈನಲ್ಲಿ ಸ್ಯಾನ್ ಡಿಯೇಗೋದ ಕಾಮಿಕ್-ಕಾನ್ ವೇದಿಕೆಯಲ್ಲಿ ವೈಟಿಟಿ ಮಂಡಿಯೂರಿ ಪೋರ್ಟ್‌ಮನ್ ಕೈಗೆ ಸುತ್ತಿಗೆ ಕೊಟ್ಟರು. ತಿಂಗಳುಗಟ್ಟಲೆ ವ್ಯಾಯಾಮ ಮಾಡಿ ಅವರು ತೋಳು ಗಟ್ಟಿ ಮಾಡಿಕೊಂಡರು.

2022ರ ಜುಲೈನಲ್ಲಿ ಬಂದ ನಾಲ್ಕನೆಯ 'ಥಾರ್' ಚಿತ್ರ 'ಲವ್ ಅಂಡ್ ಥಂಡರ್' ವಿಶ್ವದಾದ್ಯಂತ ಸುಮಾರು 76 ಕೋಟಿ ಡಾಲರ್ ಗಳಿಸಿತು. ವಿಮರ್ಶಕರು ಎರಡು ಮನಸ್ಸಿನಲ್ಲಿದ್ದರು, ನಾನೂ ಅಷ್ಟೆ. ಆಸ್ಪತ್ರೆಯ ದೃಶ್ಯಗಳಲ್ಲಿ ಪೋರ್ಟ್‌ಮನ್ ನಿಜವಾಗಿ ಒಬ್ಬ ಮನುಷ್ಯಳನ್ನು ಕಟ್ಟುತ್ತಾರೆ. ಮರುಕ್ಷಣವೇ ಅರಚುವ ಆಡುಗಳ ಹಾಸ್ಯ ನುಗ್ಗಿ ಅದನ್ನು ಕೆಡವುತ್ತದೆ. ಕೊನೆಯಲ್ಲಿ ಜೇನ್ ಸಾಯುತ್ತಾಳೆ. ಅಂದರೆ ಪಾತ್ರ ದೊಡ್ಡದಾದ ಚಿತ್ರದಲ್ಲೇ ಪಾತ್ರ ಮುಗಿಯಿತು.

ಆ ಬಳಿಕ ಶುರುವಾಗಿರುವುದು ಮರಳುವಿಕೆಯ ಬೇರೊಂದು ಬಗೆ. ಡಿಸ್ನಿ 2019ರಲ್ಲಿ ಫಾಕ್ಸ್‌ನ ಸಿನಿಮಾ ವ್ಯವಹಾರವನ್ನು ಕೊಂಡದ್ದರಿಂದ ಹಳೆಯ ಪಾತ್ರಗಳ ದೊಡ್ಡ ಉಗ್ರಾಣವೇ ಮಾರ್ವೆಲ್ ಕೈಸೇರಿತು. 2005ರ 'ಎಲೆಕ್ಟ್ರಾ' ಸೋತ ಮೇಲೆ ಮರೆಯಾಗಿದ್ದ ಆ ಪಾತ್ರಕ್ಕೆ 2024ರ 'ಡೆಡ್‌ಪೂಲ್ ಅಂಡ್ ವೋಲ್ವರಿನ್'ನಲ್ಲಿ ಜೆನಿಫರ್ ಗಾರ್ನರ್ ಮರಳಿದರು. 2008ರ 'ಇನ್‌ಕ್ರೆಡಿಬಲ್ ಹಲ್ಕ್'ನ ಲಿವ್ ಟೈಲರ್ ಹದಿನೇಳು ವರ್ಷಗಳ ನಂತರ 'ಕ್ಯಾಪ್ಟನ್ ಅಮೆರಿಕ: ಬ್ರೇವ್ ನ್ಯೂ ವರ್ಲ್ಡ್'ನ ಕೊನೆಗೆ ಸೆರೆಮನೆಯಲ್ಲಿ ತಂದೆಯನ್ನು ನೋಡಲು ಬಂದು ಹೋಗುತ್ತಾರೆ. ಚಿತ್ರಮಂದಿರದಲ್ಲಿ ಶಿಳ್ಳೆ ಬೀಳುತ್ತದೆ. ಆದರೆ ಈ ನಟಿಯರು ಹೊರಹೋದಾಗ ಪಾತ್ರ ಎಷ್ಟು ತೆಳುವಾಗಿತ್ತೋ ಬಂದಾಗಲೂ ಅಷ್ಟೇ ತೆಳುವಾಗಿದೆ. ನೆನಪಿನ ಬೆಲೆಗೆ ಮಾರಾಟವಾಗುತ್ತಿದೆ ಅಷ್ಟೆ. ಕುಂದುಕೊರತೆ ಏನೇ ಇರಲಿ, ಬಿಟ್ಟುಹೋದ ನಟಿಗೆ ಬೇರೆಯೇ ಪಾತ್ರ ಬರೆದು ಕರೆದ ಚಿತ್ರವೆಂಬ ಕಾರಣಕ್ಕೆ 'ಲವ್ ಅಂಡ್ ಥಂಡರ್' ಅನ್ನು ನಾನು ಇವೆಲ್ಲಕ್ಕಿಂತ ಮೇಲಿಡುತ್ತೇನೆ.