ತಲೆಯಾಡಿಸುವ ಆಟಗಾರ ಬೊಂಬೆ

ಹೆಸರಾಂತ ಕ್ರೀಡಾಪಟುವಿನ ಹೋಲಿಕೆಯಲ್ಲಿ ಮಾಡಿದ, ಮೈಗಿಂತ ತಲೆ ದೊಡ್ಡದಾದ, ಕುತ್ತಿಗೆಯಲ್ಲಿ ಸ್ಪ್ರಿಂಗ್ ಕೂರಿಸಿದ ಸಂಗ್ರಹದ ಬೊಂಬೆ. ಬೆರಳಿನಿಂದ ತಟ್ಟಿದರೆ ಮೈ ನಿಂತಲ್ಲೇ ನಿಂತು ತಲೆ ಮಾತ್ರ ಓಲಾಡುತ್ತದೆ. ಅಮೆರಿಕದಲ್ಲಿ ಇದಕ್ಕೆ ಬಾಬಲ್‌ಹೆಡ್ ಎನ್ನುತ್ತಾರೆ. ಅಲ್ಲಿನ ಬೇಸ್‌ಬಾಲ್ ಆಟದ ಜೊತೆಗೆ ಇದು ಬೆಳೆಯಿತು. ಆದರೆ ತಲೆಯಾಡಿಸುವ ಬೊಂಬೆ ಅಮೆರಿಕಕ್ಕಿಂತ ಮೊದಲೇ ಏಷ್ಯಾದಲ್ಲಿತ್ತು.

18ನೇ ಶತಮಾನದಲ್ಲಿ ಚೀನಾದ ಕ್ಯಾಂಟನ್ ಬಂದರಿನಿಂದ ಯುರೋಪಿಗೆ ಹೋದ ಮಣ್ಣಿನ ಬೊಂಬೆಗಳು ತಲೆಯಾಡಿಸುತ್ತಿದ್ದವು. ಚಿತ್ರಕಾರ ಯೋಹಾನ್ ಜೋಫನಿ 1765ರ ಸುಮಾರಿಗೆ ಬರೆದ ಇಂಗ್ಲೆಂಡಿನ ರಾಣಿ ಷಾರ್ಲೆಟ್ ಮತ್ತು ಅವಳ ಮಕ್ಕಳ ಚಿತ್ರದ ಹಿನ್ನೆಲೆಯಲ್ಲಿ ಇಂಥ ಚೀನೀ ಬೊಂಬೆಗಳಿವೆ. ಅವುಗಳಲ್ಲಿ ಸ್ಪ್ರಿಂಗ್ ಇರಲಿಲ್ಲ. ತಲೆಯ ಕೆಳಗೆ ಒಂದು ಕಡ್ಡಿ, ಅದರ ತುದಿಗೆ ತೂಕ. ಕಡ್ಡಿ ಟೊಳ್ಳಾದ ಮೈಯೊಳಗೆ ಲೋಲಕದಂತೆ ತೂಗಿದಾಗ ತಲೆ ನಿಧಾನವಾಗಿ ಬಾಗಿ ಏಳುತ್ತಿತ್ತು.

ಕನ್ನಡಿಗರಿಗೆ ಹೆಚ್ಚು ಪರಿಚಿತವಾದದ್ದು ತಂಜಾವೂರಿನ ತಲೆಯಾಟಿ ಬೊಂಬೆ. ಮೈಸೂರು, ಬೆಂಗಳೂರು ಕಡೆಯ ಮನೆಗಳಲ್ಲಿ ದಸರಾಕ್ಕೆ ಬೊಂಬೆ ಕೂರಿಸುವಾಗ ಪಟ್ಟದ ಬೊಂಬೆಗಳ ಕೆಳಗಿನ ಸಾಲಿನಲ್ಲಿ ಅದು ಕಾಣಸಿಗುತ್ತದೆ. ಅದರಲ್ಲಿ ಎರಡು ಬಗೆ. ಒಂದಕ್ಕೆ ಬುಡ ದುಂಡಗೆ, ಜೇಡಿಮಣ್ಣಿನ ಭಾರ ತಳದಲ್ಲಿ. ಎಷ್ಟು ಬಗ್ಗಿಸಿದರೂ ಎದ್ದು ನಿಲ್ಲುತ್ತದೆ. ಇನ್ನೊಂದು ನರ್ತಕಿ: ಲಂಗ, ಮೈ, ತಲೆಗಳನ್ನು ಬೇರೆ ಬೇರೆಯಾಗಿ ಮಾಡಿ ಒಂದರ ಮೇಲೊಂದು ತಂತಿಯ ಮೊನೆಯಲ್ಲಿ ಕೂರಿಸಿರುತ್ತಾರೆ. ಗಾಳಿ ಸುಳಿದರೂ ಸಾಕು, ಸೊಂಟ, ಕತ್ತು ಬೇರೆ ಬೇರೆ ಲಯದಲ್ಲಿ ತೂಗುತ್ತವೆ. ಚಲನೆಯ ಸೊಗಸಿನಲ್ಲಿ ಇದನ್ನು ಮೀರಿಸಿದ ಬೊಂಬೆ ಈ ಕುಲದಲ್ಲಿ ಇನ್ನೊಂದಿಲ್ಲ. 2008-09ರಲ್ಲಿ ತಂಜಾವೂರು ಬೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕಾಸರಗೋಡಿನಲ್ಲಿ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ಆಡಿಸುವ ತೆಂಕುತಿಟ್ಟಿನ ಸೂತ್ರದ ಬೊಂಬೆಗಳೂ ತಲೆಯಾಡಿಸುತ್ತವೆ, ಆದರೆ ಅಲ್ಲಿ ಆಡಿಸುವುದು ಸೂತ್ರ ಹಿಡಿದ ಕೈ. ತಲೆಯಾಟಿ ಬೊಂಬೆಯನ್ನು ಆಡಿಸುವುದು ಅದರದೇ ತೂಕ.

ಬೇಸ್‌ಬಾಲ್ ಬೊಂಬೆಗಳ ಕಾಲ 1960ರ ಸುಮಾರಿಗೆ ತೊಡಗುತ್ತದೆ. ಜಪಾನಿನಲ್ಲಿ ಅರೆದ ಕಾಗದದಿಂದ ತಯಾರಾಗಿ ಬಂದ ಆ ಬೊಂಬೆಗಳಿಗೆಲ್ಲ ಒಂದೇ ಹುಡುಗುಮುಖ; ಅಂಗಿ, ಟೋಪಿ, ಲಾಂಛನ ನೋಡಿ ತಂಡ ತಿಳಿಯಬೇಕು. ಅದೇ ದಶಕದ ಆರಂಭದಲ್ಲಿ ನಾಲ್ವರು ಆಟಗಾರರ ಹೆಸರಿನಲ್ಲಿ ಬೊಂಬೆ ಬಂತು: ರಾಬರ್ಟೊ ಕ್ಲೆಮೆಂಟೆ, ಮಿಕ್ಕಿ ಮ್ಯಾಂಟಲ್, ರೋಜರ್ ಮಾರಿಸ್, ವಿಲ್ಲಿ ಮೇಸ್. ನಾಲ್ವರೂ ಬ್ಯಾಟಿನಿಂದ ಹೆಸರಾದವರು, ಒಬ್ಬನೂ ಚೆಂಡೆಸೆಯುವ ಪಿಚರ್ ಅಲ್ಲ. ಕ್ರಿಕೆಟ್ಟಿನಲ್ಲಿ ಬೌಲರ್ ಪಡುವ ಪಾಡನ್ನು ಬಲ್ಲ ನಮ್ಮವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು. ಕಾಗದ ಬೇಗ ಬಿರುಕು ಬಿಡುತ್ತಿದ್ದುದರಿಂದ ಪಿಂಗಾಣಿ ಬಂತು. 1970ರ ದಶಕದಲ್ಲಿ ಬೇಡಿಕೆ ಕುಸಿಯಿತು.

ಮರುಹುಟ್ಟಿಗೆ ಖಚಿತ ದಿನಾಂಕವಿದೆ. 1999ರ ಮೇ 9ರಂದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡ ತನ್ನ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಮೈದಾನದಲ್ಲಿ ಪ್ರೇಕ್ಷಕರಿಗೆ ವಿಲ್ಲಿ ಮೇಸ್ ಬೊಂಬೆಯನ್ನು ಉಚಿತವಾಗಿ ಹಂಚಿತು. ಅಷ್ಟರಲ್ಲಿ ಚೀನಾದ ಕಾರ್ಖಾನೆಗಳು ರಾಳದ ಅಚ್ಚಿನಲ್ಲಿ ಮುಖದ ಗೆರೆಗಳನ್ನೂ ಅಗ್ಗವಾಗಿ ಮೂಡಿಸಲು ಕಲಿತಿದ್ದವು. ಬೊಂಬೆ ಕೊಡುವ ದಿನ ಟಿಕೆಟ್ ಹೆಚ್ಚು ಖರ್ಚಾಗುತ್ತದೆಂದು ಉಳಿದ ತಂಡಗಳೂ ಕಂಡುಕೊಂಡವು. ಪಿಚರ್‌ಗಳ ಬೊಂಬೆ ಸಾಲಾಗಿ ಬಂದದ್ದು ಈ ಅಲೆಯಲ್ಲೇ. ಒಂದು ಕಾಲೆತ್ತಿ, ಚೆಂಡು ಹಿಡಿದ ಕೈ ಹಿಂದಕ್ಕೆಳೆದ ನಿಲುವು ಅವರಿಗೆ ಒಪ್ಪುತ್ತದೆ. ಇಷ್ಟು ದೊಡ್ಡ ತಲೆಯನ್ನು ಒಂಟಿಕಾಲಿನ ಮೇಲೆ ಹೊರಿಸುವುದೇ ತಯಾರಕನಿಗೆ ಸವಾಲು. ಪಿಚರ್ ಹಾಗೂ ಬ್ಯಾಟರ್ ಎರಡೂ ಆಗಿರುವ ಶೋಹೇ ಒಹ್ತಾನಿಯ ಬೊಂಬೆಯನ್ನು 2024ರ ಆಗಸ್ಟ್ 28ರಂದು ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡ ಹಂಚಿದಾಗ, ಬೊಂಬೆಯ ಕೈಯಲ್ಲಿ ಅವನ ನಾಯಿ ಡೆಕಾಯ್ ಕೂಡ ಇತ್ತು. 2019ರ ಫೆಬ್ರವರಿ 1ರಂದು ಮಿಲ್ವಾಕಿ ನಗರದಲ್ಲಿ ಈ ಬೊಂಬೆಗಳಿಗೆಂದೇ ವಸ್ತುಸಂಗ್ರಹಾಲಯ ತೆರೆಯಿತು.

ಇಂಥ ಆಟಗಾರ ಬೊಂಬೆಯನ್ನು ಮಾಡಲು ಕನ್ನಡ ನೆಲದಲ್ಲಿ ಕೈಯೂ ಇದೆ, ಕಥೆಯೂ ಇದೆ. ಚನ್ನಪಟ್ಟಣದವರು ಹಾಲೆ ಮರವನ್ನು ತಿರುಗಣೆಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ, ಒಣಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಮೈಗೆ ಹುಣಸೆಬೀಜದ ಅಂಟಿನ ಲೇಪ ಕೊಟ್ಟು ಮುಖ ತಿದ್ದುತ್ತಾರೆ. ದುಂಡು ತಲೆ, ದುಂಡು ಮೈ ಚನ್ನಪಟ್ಟಣದ ತಿರುಗಣೆಗೆ ಸಹಜ. ಮುಖದ ಹೋಲಿಕೆ ಬೇಕಿದ್ದರೆ ಕಿನ್ನಾಳದ ಕುಂಚ ಬೇಕು.

ಇನ್ನು ಕಥೆ. ಕಾಸರಗೋಡು ದಾಟಿ ಉತ್ತರಕ್ಕೆ ಹೋದರೆ ಸಿಗುವ ಕುಂಬ್ಳೆ, ಕ್ರಿಕೆಟ್ ಬೌಲರ್ ಅನಿಲ್ ಕುಂಬ್ಳೆಯವರ ಮನೆತನದ ಊರು. ಜೈಂಟ್ಸ್ ತಂಡ ಬೊಂಬೆ ಹಂಚುವುದಕ್ಕೆ ಮೂರು ತಿಂಗಳ ಮೊದಲು, 1999ರ ಫೆಬ್ರವರಿ 7ರಂದು, ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಅವರು ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ಕಿತ್ತರು. ಟೆಸ್ಟ್ ಇನಿಂಗ್ಸ್ ಒಂದರಲ್ಲಿ ಹತ್ತು ವಿಕೆಟ್ ಪಡೆದವರಲ್ಲಿ, 1956ರ ಜಿಮ್ ಲೇಕರ್ ನಂತರ ಇವರು ಎರಡನೆಯವರು. ಒಟ್ಟು ಟೆಸ್ಟ್ ವಿಕೆಟ್ 619. ಬೊಂಬೆಗೆ ತಕ್ಕ ನಿಲುವನ್ನೂ ಅವರೇ ಕೊಟ್ಟಿದ್ದಾರೆ: 2002ರ ಮೇ ತಿಂಗಳಲ್ಲಿ ಆ್ಯಂಟಿಗಾದಲ್ಲಿ ದವಡೆ ಮುರಿದು, ಗದ್ದದಿಂದ ನೆತ್ತಿಯವರೆಗೆ ಬಟ್ಟೆ ಸುತ್ತಿಕೊಂಡು 14 ಓವರ್ ಎಸೆದು ಬ್ರಯಾನ್ ಲಾರಾರನ್ನು ಔಟ್ ಮಾಡಿದ ದಿನ. ಮೈಗಿಂತ ತಲೆಯೇ ದೊಡ್ಡದಾಗಿ ಕಾಣಬೇಕಾದ ಬೊಂಬೆಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗದು. ಕರ್ನಾಟಕ ರಾಜ್ಯದ ಕ್ರಿಕೆಟ್ ಸಂಸ್ಥೆಯೂ ಕರಕುಶಲ ನಿಗಮವೂ ಕೂಡಿ ಆ ಬೊಂಬೆಯನ್ನು ಚನ್ನಪಟ್ಟಣ, ಕಿನ್ನಾಳದ ಕುಶಲಕರ್ಮಿಗಳಿಂದ ಮಾಡಿಸಿ, ಬೆಂಗಳೂರಿನ ಕ್ರೀಡಾಂಗಣದಲ್ಲಿಯೂ ಕುಂಬ್ಳೆ ಪೇಟೆಯಲ್ಲಿಯೂ ಮಾರಾಟಕ್ಕೆ ಇಡಬೇಕು.