ಕೊಟ್ಟೆಯಿಂದ ಮೈಲುತುತ್ತದವರೆಗೆ: ಕೊಳೆ ಔಷಧದ ಕಥೆ



ರಜತ ಮಹೋತ್ಸವದ ಸಂಚಿಕೆಗೆ ಇತಿಹಾಸದ ಲೇಖನವೊಂದು ಬೇಕೆಂದು ಸಂಪಾದಕ ಸಮಿತಿ ಕೇಳಿದಾಗ ನಮ್ಮ ಮನಸ್ಸು ರಾಜರು, ಶಾಸನಗಳ ಕಡೆ ಹೋಗಲಿಲ್ಲ. ಪ್ರತಿ ಮೇ ತಿಂಗಳಲ್ಲಿ ಸಂಘದ ಮಳಿಗೆಗೆ ಬಂದು ಬೀಳುವ ಮೈಲುತುತ್ತದ ಚೀಲಗಳ ಕಡೆ ಹೋಯಿತು. ಅವುಗಳ ಹಿಂದೆಯೂ ದೊಡ್ಡ ಇತಿಹಾಸವೇ ಇದೆ.

ಅಡಿಕೆ ಬೆಳೆಯುವವರಿಗೆ ಕೊಳೆರೋಗ ಎಂದರೇನೆಂದು ಹೇಳಬೇಕಾಗಿಲ್ಲ. ಆರಿದ್ರೆ ಮಳೆ ಬಿಡದೆ ಹಿಡಿಯಿತೆಂದರೆ ಕಾಯಿಯ ತೊಟ್ಟಿನ ಹತ್ತಿರ ನೆನೆದಂಥ ಕಡುಹಸಿರು ಕಲೆ, ಅದರ ಮೇಲೆ ಬಿಳಿ ಬೂಷ್ಟು, ಆಮೇಲೆ ಮರದ ಬುಡದ ತುಂಬ ಉದುರಿದ ಎಳೆಗಾಯಿ. ಘಟ್ಟದ ಕೆಳಗಿನವರು ಇದನ್ನೇ ಮಹಾಳಿ ಅಂತಾರೆ. ಔಷಧವೇ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಮಳೆನೀರು ಕಾಯಿಗೆ ತಾಗದಿದ್ದರೆ ಕೊಳೆ ಬಾರದು ಎಂಬುದು ಅವರ ಅನುಭವದ ಮಾತು. ಇದರಲ್ಲಿ ಸುಳ್ಳೇನಿಲ್ಲ. ಈ ರೋಗಾಣುವಿನ ಬೀಜಕಣಗಳಿಗೆ ಬಾಲ ಉಂಟು, ಅವು ನೀರಿನಲ್ಲಿ ಈಜಿಯೇ ಕಾಯಿಗೆ ಸೇರುತ್ತವೆ ಎಂದು ವಿಜ್ಞಾನಿಗಳು ಆಮೇಲೆ ಕಂಡುಕೊಂಡರು. ಇದರ ಕುಲದ ಹೆಸರು ಫೈಟಾಫ್ತೊರ, ಅಂದರೆ ಗಿಡ ನಾಶ ಮಾಡುವಂಥದ್ದು. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಕೊಳೆಸಿ ಲಕ್ಷಾಂತರ ಜನರನ್ನು ಹಸಿವಿಗೆ ದೂಡಿದ್ದು ಇದರ ದಾಯಾದಿಯೇ.

ಔಷಧ ಹುಟ್ಟಿದ್ದು ಮಾತ್ರ ತಮಾಷೆಯ ರೀತಿಯಲ್ಲಿ. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುವ ರೂಢಿ ಇತ್ತು. 1882ರಲ್ಲಿ ಮಿಲಾರ್ಡೆ ಎಂಬ ಪ್ರೊಫೆಸರು ಗಮನಿಸಿದರು: ಒಳಗಿನ ಬಳ್ಳಿಗಳೆಲ್ಲ ಬೂಜುರೋಗದಿಂದ ಎಲೆ ಉದುರಿಸಿ ನಿಂತಿದ್ದರೆ ರಸ್ತೆ ಬದಿಯವು ಹಸಿರಾಗಿವೆ. ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆಂದು ಮಾಡಿದ್ದು ಹೀಗೆ ಬೋರ್ಡೋ ದ್ರಾವಣವಾಯಿತು.

ಅದನ್ನು ನಮ್ಮ ಅಡಿಕೆ ತೋಟಕ್ಕೆ ತಂದವರು ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಇವರು ಕೊಳೆರೋಗದ ಮೂಲ ಹುಡುಕಿ 1910ರಲ್ಲಿ ವರದಿ ಪ್ರಕಟಿಸಿದರು. ಮಳೆಗೆ ಮೊದಲೇ ಕೊನೆಗಳಿಗೆ ಬೋರ್ಡೋ ಹೊಡೆಯುವ ಕ್ರಮವನ್ನು ಬಳಕೆಗೆ ತಂದರು. ಮುಂದೆ ಸಂಸ್ಥಾನದ ಕೃಷಿ ನಿರ್ದೇಶಕರೂ ಆದರು. ಕೊಳೆಯಿಂದ ಉಳಿದ ಅಡಿಕೆಯ ಲೆಕ್ಕ ಯಾರೂ ಇಟ್ಟಿಲ್ಲ, ಆದರೆ ಮಲೆನಾಡಿನ ಎಷ್ಟೋ ಮನೆಗಳ ಋಣ ಈ ಪರದೇಶಿಯ ಮೇಲಿದೆ ಎಂದೇ ನಮ್ಮ ಭಾವನೆ.

ಈಗ ಅಸಲು ವಿಷಯ. ನೂರಕ್ಕೂ ಹೆಚ್ಚು ವರ್ಷ ಹೊಡೆದರೂ ಕೊಳೆರೋಗ ಮೈಲುತುತ್ತಕ್ಕೆ ಒಗ್ಗಿಕೊಂಡಿಲ್ಲ. ಹೊಸ ಔಷಧಗಳ ಕಥೆ ಹಾಗಿಲ್ಲ. 1977ರಲ್ಲಿ ಮೆಟಲಾಕ್ಸಿಲ್ ಬಂತು. ಗಿಡದ ಒಳಗೇ ಹರಿದು ಹೋಗುತ್ತದೆ, ಮಳೆಗೆ ತೊಳೆದು ಹೋಗುವ ಭಯ ಕಡಿಮೆ. ಯೂರೋಪಿನ ರೈತರು ಹಿಗ್ಗಿದರು. 1980ರಲ್ಲಿ ಐರ್ಲೆಂಡ್ ಮತ್ತು ಹಾಲೆಂಡಿನ ಆಲೂಗೆಡ್ಡೆ ಹೊಲಗಳಲ್ಲಿ ಅದು ನಾಟಲಿಲ್ಲ! ಮೂರೇ ವರ್ಷ ನೋಡಿ.

ಕಾರಣ ಇಷ್ಟೇ. ಮೆಟಲಾಕ್ಸಿಲ್ ರೋಗಾಣುವಿನ ಒಂದೇ ಒಂದು ಕೆಲಸವನ್ನು ತಡೆಯುತ್ತದೆ. ತೋಟದ ದಣಪೆ ಒಂದನ್ನೇ ಕಾದ ಹಾಗೆ. ಕೋಟಿಗಟ್ಟಲೆ ಬೀಜಕಣಗಳಲ್ಲಿ ಯಾವುದೋ ಒಂದು ಬೇರೆ ಗಂಡಿಯಲ್ಲಿ ನುಸುಳುವಂಥದ್ದು ಹುಟ್ಟಿರುತ್ತದೆ. ಔಷಧ ಉಳಿದವನ್ನೆಲ್ಲ ಕೊಂದು ಅದಕ್ಕೊಂದಕ್ಕೆ ಜಾಗ ಮಾಡಿಕೊಡುತ್ತದೆ. ಮತ್ತೆ ಅದೇ ಔಷಧ ಹೊಡೆದರೆ ತೋಟದ ತುಂಬ ಅದರದೇ ಸಂತಾನ. ತಾಮ್ರವಾದರೋ ರೋಗಾಣುವನ್ನು ಹತ್ತಾರು ಕಡೆ ಒಟ್ಟಿಗೇ ಹಿಡಿಯುತ್ತದೆ. ಎಲ್ಲ ಕಡೆಯಿಂದಲೂ ಏಕಕಾಲಕ್ಕೆ ತಪ್ಪಿಸಿಕೊಳ್ಳುವಂಥದ್ದು ಹುಟ್ಟುವುದು ಬಲು ಕಷ್ಟ.

1981ರಲ್ಲಿ ಔಷಧ ಕಂಪನಿಗಳವರೇ ಸೇರಿ ಇದಕ್ಕೊಂದು ಸಮಿತಿ ಮಾಡಿಕೊಂಡರು. ಅದು ಔಷಧಗಳಿಗೆ ಗುಂಪಿನ ಸಂಖ್ಯೆ ಕೊಟ್ಟಿದೆ. ಮೆಟಲಾಕ್ಸಿಲ್ 4ನೇ ಗುಂಪು. ತಾಮ್ರ ಎಂ 1, ಮ್ಯಾಂಕೋಜೆಬ್ ಎಂ 3. ಈ ಎರಡೂ ಹಲವು ಕಡೆ ಹಿಡಿಯುವಂಥವು. ಮೆಟಲಾಕ್ಸಿಲ್‌ಗೆ ಮ್ಯಾಂಕೋಜೆಬ್ ಜೊತೆ ಮಾಡಿ ಮಾರುವುದು ಇದೇ ಕಾರಣಕ್ಕೆ. "ಕಳೆದ ವರ್ಷದ್ದು ಬೇಡ, ಬೇರೆ ಕೊಡಿ" ಎಂದು ಬೇರೆ ಹೆಸರಿನ ಪೊಟ್ಟಣ ಒಯ್ಯುವವರು ಒಳಗಿನ ಔಷಧ ಯಾವುದೆಂದು ಓದಿಸಿಕೊಂಡು ಹೋಗಬೇಕು. ಹೆಸರು ಬೇರೆ, ಬಣ್ಣ ಬೇರೆ, ಮದ್ದು ಅದೇ ಆದರೆ ಬದಲಾಯಿಸಿದ್ದೇನು ಬಂತು? ಇನ್ನು ಕಾರ್ಬೆಂಡಜಿಂ ಅಗ್ಗವೆಂದು ಕೊಳೆಗೆ ಹೊಡೆಯುವವರಿದ್ದಾರೆ. ಈ ಜಾತಿಯ ರೋಗಾಣುವಿಗೆ ಅದು ಮೊದಲಿನಿಂದಲೂ ನಾಟುವುದೇ ಇಲ್ಲ, ದುಡ್ಡು ದಂಡ.

ಮಳಿಗೆಗೆ ಬಂದವರು ಈಗ ಕೇಳುವ ಮೊದಲ ಪ್ರಶ್ನೆ, "ಒಂದೇ ಸಲ ಹೊಡೆದ್ರೆ ಸಾಕು ಅನ್ನೋದು ಯಾವುದಾದ್ರೂ ಉಂಟಾ?" ಅವರನ್ನು ದೂರುವ ಹಾಗಿಲ್ಲ. ಮರ ಹತ್ತುವವರು ಸಿಗೋದೇ ಕಷ್ಟ, ಸಿಕ್ಕವರನ್ನು ಮಳೆಯಲ್ಲಿ ಪಾಚಿ ಹಿಡಿದ ಮರಕ್ಕೆ ಹತ್ತಿಸಲು ಧೈರ್ಯ ಬಾರದು. ಆದರೂ ತಾಮ್ರ ಕಾಯಿಯ ಮೇಲೆ ಕೂತು ಕಾಯುವ ಔಷಧ, ಒಳಹೊಕ್ಕ ರೋಗವನ್ನು ತೆಗೆಯದು. ಮಳೆಗೆ ಮುಂಚೆ ಒಂದು, 40-45 ದಿನಕ್ಕೆ ಇನ್ನೊಂದು, ಮಳೆ ಬಿಡದಿದ್ದರೆ ಮತ್ತೊಂದು ಸಲ ಹೊಡೆಯಲೇಬೇಕು. ಹೊಸ ಔಷಧ ಬೇಕೇ ಆದರೆ ಜೋಡಿ ಔಷಧವನ್ನೇ, ಪಟ್ಟಿಯಲ್ಲಿ ಬರೆದ ಪ್ರಮಾಣದಲ್ಲಿ, ಒಂದು ಸಲಕ್ಕೆ ಮಾತ್ರ ಇಟ್ಟುಕೊಳ್ಳುವುದು ವಾಸಿ.

ಮೈಲುತುತ್ತಕ್ಕೂ ದೋಷವಿಲ್ಲದಿಲ್ಲ. ತಾಮ್ರ ಮಣ್ಣಿನಲ್ಲಿ ಕರಗಿ ಮಾಯವಾಗುವುದಿಲ್ಲ, ವರ್ಷ ವರ್ಷವೂ ಕೂಡಿಕೊಳ್ಳುತ್ತದೆ, ಎರೆಹುಳಕ್ಕೆ ಒಳ್ಳೆಯದಲ್ಲ. ಯೂರೋಪಿನಲ್ಲಿ 2019ರಿಂದ ಹೆಕ್ಟೇರಿಗೆ ಏಳು ವರ್ಷದಲ್ಲಿ 28 ಕಿಲೋ ತಾಮ್ರ ಮೀರಬಾರದೆಂಬ ನಿಯಮ ಬಂದಿದೆ. ಹಾಗಾಗಿ ಹೆಚ್ಚು ಹಾಕಿದರೆ ಹೆಚ್ಚು ಗುಣ ಎಂಬ ಲೆಕ್ಕ ಬೇಡ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಒಳ್ಳೆಯ ಸುಣ್ಣ. ಕಬ್ಬಿಣದ ಪಾತ್ರೆ ಬೇಡ. ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಹೊಯ್ಯುತ್ತಾ ಕಲಕಬೇಕು. ಉಜ್ಜಿ ತೊಳೆದ ಕತ್ತಿ ಅದ್ದಿ ನೋಡಿ, ಕೆಂಪು ಹಿಡಿದರೆ ಸುಣ್ಣ ಸಾಲದು, ಎಳೆಕಾಯಿ ಸುಡುತ್ತದೆ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು. ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಹೊಡೆಯುವುದು ಸಾಧ್ಯವಾಗಿದೆ, ಜೀವಭಯ ತಪ್ಪಿದೆ. ಕೊನೆಯ ಹಿಂಬದಿಗೆ ಔಷಧ ಬಿತ್ತೇ ಎಂದು ಮಾತ್ರ ಮರದ ಆಚೆ ಬದಿಗೆ ಹೋಗಿ ಕತ್ತೆತ್ತಿ ನೋಡಬೇಕು.