‘ಥರ್ಡ್ ಪಾರ್ಟಿ’ ಅಂದ್ರ ಯಾರು? ನಮ್ಮ ಸೈಕಲ್ಲಿನ ಕಾನೂನು ಕಥಿ

1/5
ದೋಸ್ತರೇ, ಎಂಟನೇ ಇಯತ್ತೆಯ ಆ ಸಂಜೆ ನಮ್ಮ ಕ್ಲಾಸಿನವರಿಗೆ ನೆನಪಿರಬೇಕು. ಸಾಲಿ ಬಿಟ್ಟು ಬಮ್ಮಿಗಟ್ಟಿಗೆ ಬರ್ತಿದ್ದ ಗೆಳೆಯನ ಸೈಕಲ್ಲಿಗೆ ಹಿಂದಿನಿಂದ ಬೈಕ್ ಗುದ್ದಿತು. ಕಾಲು ಮುರೀತು. ಹಿರಿಯರು ಕಟ್ಟಿ ಮ್ಯಾಲೆ ಕುಂತು ಐದು ಸಾವಿರಕ್ಕ ರಾಜಿ ಮಾಡಿಸಿದ್ರು. "ಸೈಕಲ್ಲಿಗೆ ಲೈಸನ್ಸ್ ಇಲ್ಲ, ಇನ್ಶೂರನ್ಸ್ ಇಲ್ಲ, ಕೇಸ್ ನಿಲ್ಲೂದಿಲ್ಲ" ಅಂದ್ರು. ಅಂವ ಇವತ್ತಿಗೂ ಸ್ವಲ್ಪ ಕುಂಟತಾನ. ಆ ಮಾತು ಎಷ್ಟು ತಪ್ಪಿತ್ತು ಅಂತ ತಿಳೀಲಿಕ್ಕೆ 1939ಕ್ಕೆ ಹೋಗಬೇಕು.

2/5
ಆಗ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಾಗ ಇತ್ತು. ಆ ವರ್ಷ ಬಂದ ಮೋಟಾರು ವಾಹನ ಕಾಯ್ದೆಯ ಇನ್ಶೂರನ್ಸ್ ಅಧ್ಯಾಯ ಜಾರಿಯಾದದ್ದು 1946ರ ಜುಲೈ 1ರಂದು. ರಸ್ತೆಗೆ ಅಪಾಯ ತರುವುದು ಮೋಟಾರು, ಹಾಗಾಗಿ ವಿಮೆಯ ಹೊಣೆಯೂ ಮೋಟಾರಿನವರದೇ ಅಂತ ಅದು ಹೇಳಿತು. ಸೈಕಲ್ ಮೋಟಾರು ವಾಹನ ಅಲ್ಲ; ಅದಕ್ಕ ಲೈಸನ್ಸೂ ಬೇಡ, ವಿಮೆಯೂ ಬೇಡ. ಗಾಡಿ ಮಾಲೀಕ ಒಬ್ಬ, ವಿಮಾ ಕಂಪನಿ ಇನ್ನೊಬ್ಬ. ರಸ್ತೆಯಲ್ಲಿ ಪೆಟ್ಟು ತಿಂದ ನಾವು ಮೂರನೆಯವರು. ಥರ್ಡ್ ಪಾರ್ಟಿ ಅಂದ್ರ ನಾವೇ!

3/5
ಮೊದಲು ಪರಿಹಾರಕ್ಕೆ ಸಿವಿಲ್ ಕೋರ್ಟಿಗೆ ಹೋಗಬೇಕಿತ್ತು. ಕೇಳುವ ಮೊತ್ತ ಹೆಚ್ಚಾದಷ್ಟೂ ಕೋರ್ಟ್ ಫೀ ಹೆಚ್ಚು. ಬಡವರು ಎಲ್ಲಿಂದ ತರಬೇಕು? 1956ರ ತಿದ್ದುಪಡಿ ಅಪಘಾತ ಪರಿಹಾರಕ್ಕೇ ಪ್ರತ್ಯೇಕ ನ್ಯಾಯಮಂಡಳಿಗೆ ದಾರಿ ಮಾಡಿತು. 1982ರಲ್ಲಿ ಇನ್ನೊಂದು ಹೆಜ್ಜೆ: ಚಾಲಕನ ತಪ್ಪು ಸಾಬೀತು ಮಾಡದಿದ್ದರೂ ಸಾವಿಗೆ 15,000, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ. 2022ರ ಏಪ್ರಿಲ್ 1ರಿಂದ ಹಾಗೆ ಸಿಗುವುದು ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಎಲುಬು ಮುರಿದ್ರ ಕಾನೂನಿನ ಲೆಕ್ಕದಾಗ ಅದು ತೀವ್ರ ಗಾಯ.

"ಹುಡುಗರಿಗೆ ಪಗಾರ ಎಲ್ಲೈತಿ, ನಷ್ಟ ಏನು?" ಅಂತ ಕೇಳ್ತಾರ. 2013ರಲ್ಲಿ ಸುಪ್ರೀಂ ಕೋರ್ಟ್, 12 ವರ್ಷದ ಹುಡುಗನೊಬ್ಬನ ಕೇಸಿನಲ್ಲಿ, ಮಕ್ಕಳಿಗೆ 10ರಿಂದ 30 ಪ್ರತಿಶತ ಅಂಗವೈಕಲ್ಯ ಆದರೆ 3 ಲಕ್ಷ ಅಂತ ಅಳತೆ ಹಾಕಿತು. ನಮ್ಮ ಗೆಳೆಯನ ಕಾಲನ್ನ ಯಾರೂ ಅಳೀಲೇ ಇಲ್ಲ.

4/5
2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಗೆ ಪುಕ್ಕಟೆ ಸೈಕಲ್ ಕೊಡಲು ಶುರು ಮಾಡಿತು. ದೂರದ ಸಾಲಿ ಹತ್ತಿರ ಆತು. ಸೈಕಲ್ ಕೊಟ್ಟ ದಿನ ಫೋಟೋ ತೆಗೆದ್ರು. ಈ ಹಕ್ಕಿನ ಮಾತು ಮಾತ್ರ ನಮಗೆ ಯಾರೂ ಹೇಳಲಿಲ್ಲ. ಅದಕ್ಕೇ ಇದನ್ನ ಬರೀತಿದೀನಿ.

5/5
ಅಪಘಾತ ಆದ್ರ:
▪ 112ಕ್ಕೆ ಫೋನ್ ಮಾಡ್ರಿ. ಗಾಡಿ ನಂಬರಿನ ಫೋಟೋ ಹಿಡೀರಿ.
▪ ದವಾಖಾನ್ಯಾಗ "ಜಾರಿ ಬಿದ್ದೆ" ಅನ್ನಬ್ಯಾಡ್ರಿ. ನಡೆದದ್ದನ್ನೇ ಬರೆಸ್ರಿ. ಬಿಲ್ಲು, ಎಕ್ಸ್‌ರೇ ಜೋಪಾನ.
▪ ಪೊಲೀಸ್ ದೂರು ಕೊಡ್ರಿ. ಪಂಚನಾಮೆ ಆಗೋತನಕ ಸೈಕಲ್ ರಿಪೇರಿ ಬ್ಯಾಡ.
▪ ಅರ್ಜಿಗೆ ಗಡುವು 6 ತಿಂಗಳು. 1994ರಲ್ಲಿ ತೆಗೆದಿದ್ದ ಗಡುವು 2022ರಲ್ಲಿ ಮತ್ತೆ ಬಂದದ. ಮುಗಿದಿದ್ರೂ ವಕೀಲರನ್ನ ಒಮ್ಮೆ ಕೇಳ್ರಿ.
▪ ಮುಂಡಗೋಡದಾಗ ಅಪಘಾತ ಆದ್ರೂ ಅರ್ಜಿ ನಾವಿರುವ ಜಿಲ್ಲೆಯಲ್ಲೇ ಹಾಕಬಹುದು. ಮೇಲ್ಮನವಿಗೆ 2008ರಿಂದ ಧಾರವಾಡದಲ್ಲೇ ಹೈಕೋರ್ಟ್ ಪೀಠ ಐತಿ.
▪ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ವಕೀಲರ ನೆರವು ಉಚಿತ. ಫೋನ್: 15100.
▪ ಗುದ್ದಿದವರು ಓಡಿಹೋಗಿ ಗಾಡಿ ಪತ್ತೆ ಆಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಐತಿ.

ಇನ್ನೊಂದು ಮಾತು: ನಮ್ಮ ತಪ್ಪೂ ಇದ್ರ ಪರಿಹಾರ ಅಷ್ಟು ಕಡಿತ ಆಗಬಹುದು. ಎಡಕ್ಕೇ ಹೋಗ್ರಿ, ಹಿಂದ ಕೆಂಪು ರಿಫ್ಲೆಕ್ಟರ್ ಹಚ್ರಿ. ಕಬ್ಬಿನ ಟ್ರ್ಯಾಕ್ಟರ್ ಓಡಾಡೋ ಸುಗ್ಗಿಯಾಗಂತೂ ಕತ್ತಲಾಗೋದ್ರೊಳಗ ಮನಿ ಸೇರ್ರಿ.

ಸೇವ್ ಮಾಡ್ಕೊಳ್ರಿ. ಮನ್ಯಾಗ ಅಪ್ಪಗ, ಕಾಕಾಗ ಓದಿ ಹೇಳ್ರಿ. ನಾಳೆ ಕಟ್ಟಿ ಮ್ಯಾಲೆ ಕುಂತು ರಾಜಿ ಮಾತಾಡೋರು ಅವರೇ.

#ಬಮ್ಮಿಗಟ್ಟಿ #ಕಲಘಟಗಿ #ನಮ್ಮಸೈಕಲ್